ಕಳೆಯೆನ್ನುವ ಮುನ್ನ ಹೆಸರು ಕೇಳಿ

ನಮ್ಮ ಬಡಾವಣೆಯ ಉದ್ಯಾನ ಸಮಿತಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬರುವ ಸೋಮವಾರ ಲಾನಿಗೆ ಕಳೆನಾಶಕ ಹೊಡೆಸುವುದಾಗಿ ನೋಟಿಸ್ ಹಾಕಿದ್ದೀರಿ. ‘ನೀಲಿ ಹೂವಿನ ಕಳೆ ಹೆಚ್ಚಾಗಿದೆ’ ಎಂದಷ್ಟೇ ಅದರಲ್ಲಿದೆ. ಆ ಗಿಡಕ್ಕೊಂದು ಹೆಸರಿದೆ. ಕಳೆ ಕೀಳಲು ಬರುವ ಅಮ್ಮನನ್ನು ನಿನ್ನೆ ಕೇಳಿದೆ. ‘ವಿಷ್ಣುಕ್ರಾಂತಿ ಅಲ್ವೇನಮ್ಮಾ? ಕೀಳು ಅಂದ್ರು, ಕೀಳ್ತಿದೀನಿ’ ಎಂದರು.

ಬೆಳಿಗ್ಗೆ ಎಂಟರ ಹೊತ್ತಿಗೆ ಬಂದು, ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿ. ನೆಲಕ್ಕೊರಗಿ ಹರಡಿದ ದಾರದಂಥ ಕಡ್ಡಿಗಳು, ಪುಟ್ಟ ಎಲೆಗಳ ಮೇಲೆ ರೇಷ್ಮೆಯಂಥ ನವಿರು ರೋಮ. ಹೂವು ಅಂಗಿಯ ಗುಂಡಿಗಿಂತ ಚಿಕ್ಕದು. ಐದು ಎಸಳೂ ಕೂಡಿಕೊಂಡು ಒಂದೇ ನೀಲಿ ಬಟ್ಟಲಾಗಿವೆ, ನಡುವೆ ಬಿಳಿ. ಮಧ್ಯಾಹ್ನ ದಾಟುವಷ್ಟರಲ್ಲಿ ಮುದುಡುತ್ತದೆ. ಸಂಜೆ ವಾಕಿಂಗಿಗೆ ಬರುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಕಾಂಪೌಂಡ್ ಬದಿಯ ತೇವದಲ್ಲಿ ಬೆಳೆದಿರುವುದು ಬೇರೆ ಗಿಡ, ಕಾಮೆಲಿನಾ. ಅದರ ದಂಟು ರಸಭರಿತ. ಮಡಿಚಿದ ಎಲೆಯಂಥ ಪೊರೆಯೊಳಗಿಂದ ಹೂವು ಇಣುಕುತ್ತದೆ, ಎರಡು ನೀಲಿ ಎಸಳು ಎದ್ದು ಕಾಣುತ್ತವೆ. ಬೇಲಿಗೆ ಹಬ್ಬುವ ಶಂಖಪುಷ್ಪದ ಬಳ್ಳಿಯೂ ಬೇರೆಯೇ.

ವಿಷ್ಣುಕ್ರಾಂತಿ ಗೆಣಸಿನ ಕುಟುಂಬದ್ದು. ಆ ಕುಟುಂಬದ ಹಲವು ಬಳ್ಳಿಗಳು ಆಸರೆಗೆ ಸುತ್ತಿಕೊಂಡು ಏರುತ್ತವೆ, ಇದು ಸುತ್ತುವುದಿಲ್ಲ. ಅದಕ್ಕೇ 1762ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ‘ಇವಾಲ್ವುಲಸ್’ ಕುಲಕ್ಕೆ ಸೇರಿಸಿದ. ಸುರುಳಿ ಬಿಚ್ಚಿದ್ದು ಎಂದು ಆ ಪದದ ಅರ್ಥ.

ಈಗ ನಮ್ಮ ಗೇಟಿನ ಎರಡೂ ಬದಿಯ ಕುಂಡಗಳನ್ನು ನೋಡಿ. ಹೋದ ವರ್ಷ ನರ್ಸರಿಯಿಂದ ದುಡ್ಡು ಕೊಟ್ಟು ತಂದ ‘ಬ್ಲೂ ಡೇಜ್’ ಅಲ್ಲಿ ಅರಳಿದೆ. ಅದೂ ಇವಾಲ್ವುಲಸ್ಸೇ, ಬ್ರೆಜಿಲ್ ಕಡೆಯದು. ಅದರ ಹೂವು ತುಸು ದೊಡ್ಡದು, ಅಷ್ಟೆ. ಅಕ್ಕನಿಗೆ ದಿನಾ ನೀರು ಹಾಕಿಸುತ್ತಿದ್ದೇವೆ, ಈ ನೆಲದಲ್ಲಿ ತಾನಾಗಿ ಹುಟ್ಟಿದ ತಂಗಿಗೆ ವಿಷ ಹೊಡೆಸಲು ಹೊರಟಿದ್ದೇವೆ. ಗಣೇಶನ ಹಬ್ಬಕ್ಕೆ ಪೆಂಡಾಲು ಹಾಕುವವರೂ ನಾವೇ. ಅವನ ಪೂಜೆಯ 21 ಪತ್ರೆಗಳಲ್ಲಿ ವಿಷ್ಣುಕ್ರಾಂತಿಯೂ ಒಂದು.

ಲಾನ್ ಪೂರ್ತಿ ಕಾಡಾಗಲಿ ಎಂದು ನಾನು ಕೇಳುತ್ತಿಲ್ಲ. ಮಕ್ಕಳು ಆಡುವಲ್ಲಿ ಹುಲ್ಲು ಬೇಕು. ಅಲ್ಲಿ ಬೇಡದ್ದನ್ನು ಕೈಯಿಂದಲೇ ಕೀಳಿಸೋಣ. ಹೊಂಗೆ ಮರದಾಚೆಯ ಒಣ ಪಟ್ಟಿಯನ್ನು ಮಾತ್ರ ವಿಷ್ಣುಕ್ರಾಂತಿಗೆ ಬಿಟ್ಟುಬಿಡಿ. ಅಲ್ಲಿ ಹೇಗೂ ಹುಲ್ಲು ಹತ್ತುತ್ತಿಲ್ಲ. ಒಂದು ಹಲಗೆಯ ಮೇಲೆ ಹೆಸರು ಬರೆದು ನೆಡುವ ಕೆಲಸ ನನ್ನದು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲೇ ಇರುತ್ತೇನೆ. ಕಳೆನಾಶಕದ ಕ್ಯಾನ್ ತೆರೆಯುವ ಮುನ್ನ ನೀವೂ ಒಮ್ಮೆ ಬನ್ನಿ. ಅದು ಹೂವು ಅರಳಿರುವ ಹೊತ್ತು.

ಇತಿ,
ನಿಮ್ಮ ನೆರೆಯವಳು