ಹೌಂಡ್ ಅಭಿಮಾನಿಯ ಮುಂಜಾನೆ

(ಬಾಗಲಕೋಟೆಯ ಒಂದು ಮನೆ, ಮೇ 2024. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ನಾಯಿ ಪ್ರದರ್ಶನದ ಕೊನೇ ಸುತ್ತು. ಅಲ್ಲಿ ರಾತ್ರಿ, ಇಲ್ಲಿ ಚಹಾದ ಹೊತ್ತು.)

ಹೆಂಡತಿ: ಏನ್ರೀ, ಸಿಲಿಂಡರ್ ಖಾಲಿ ಆಗೈತಿ.

ಗಂಡ: ಒಂದೀಟು ತಡಿ! ಹೌಂಡ್ ಗುಂಪು ಗೆದ್ದ ಅಫ್ಘಾನ್ ಬಂತು. ಏನ್ ನಡಿಗಿ! ಬೆನ್ನ ಮ್ಯಾಲೆ ಕಪ್ಪು-ಬಸಿ ಇಟ್ಟರೂ ಚಹಾ ಚೆಲ್ಲಂಗಿಲ್ಲ.

ಹೆಂಡತಿ: ನಮ್ಮ ಮುಧೋಳ ನಾಯಿ ಎಲ್ಲೈತಿ?

ಗಂಡ: ಅಮೆರಿಕಾದ ಕೆನಲ್ ಕ್ಲಬ್ಬಿನ ಪಟ್ಟಿಯೊಳಗ ಅದರ ಹೆಸರೇ ಇಲ್ಲ. 2005ರಾಗ ನಮ್ಮ ಅಂಚೆಚೀಟಿ ಮ್ಯಾಲೆ ಬಂತಲ್ಲ, ಅಷ್ಟೇ ಸಮಾಧಾನ.

ಹೆಂಡತಿ: ನಾ ಕೇಳಿದ್ದು ನಮ್ಮನಿ ನಾಯಿ. ಕಟ್ಟಿ ಮ್ಯಾಲಿಲ್ಲ.

ಗಂಡ: ಶ್! ತೀರ್ಪು... ಅಯ್ಯೋ, ಕರೇ ಪೂಡಲ್ಲಿಗೆ ಕೊಟ್ಟರು! ಕಾಲಿಗೆ ಉಣ್ಣಿ ಚೆಂಡು ಕಟ್ಟಿದಂಗ ಕಟಿಂಗು! ಇದು ಮೊಲಾ ಹಿಡಿತೈತೇನು?

ಹೆಂಡತಿ: ನಮ್ಮದು ಹಿಡದೈತಿ, ಪಕ್ಕದ ಮನಿ ಕೋಳಿ. ಅವರು ಬಾಗಲಾಗ ನಿಂತಾರ.

ಗಂಡ: (ಮೊಬೈಲಿನಿಂದ ಕಣ್ಣೆತ್ತದೆ) ಎಷ್ಟು ದೂರ ಓಡಿ ಹಿಡೀತಂತ?