ಎಣ್ಣೆ ಸೀಗೇಕಾಯಿಯ ಪತ್ತೇದಾರಿಕೆ

ಕೊಲೆಗಾರನು ಯಾರೆಂಬ ಕುತೂಹಲವು ನನ್ನಂತಹ ಸೋಮಾರಿ ಓದುಗನನ್ನು ಯಾವ ಪತ್ತೇದಾರಿ ಕಾದಂಬರಿಯ ಕೊನೆಗೂ ಮುಟ್ಟಿಸಿದ್ದಿಲ್ಲ. ಕಲಬುರಗಿ ಸೀಮೆಯ ನಂದೂರಿನ ವೈಶಾಖದ ಮಧ್ಯಾಹ್ನದಲ್ಲಿ, ಶಹಾಬಾದಿನ ಕಲ್ಲು ಹಾಸಿದ ಪಡಸಾಲೆಯ ಮೇಲೆ ಅಂಗಾತ ಮಲಗಿ, ನಿದ್ರಾದೇವಿಯನ್ನು ಹೊಸ್ತಿಲಲ್ಲಿಯೇ ತಡೆದು ನಾನು ಪುಟ ತಿರುವುವುದೆಲ್ಲ, ಪರಸ್ಪರ ಮುಖ ಕಂಡರಾಗದ ಇಬ್ಬರು ಪೊಲೀಸರು ಯಾವ ಅಧ್ಯಾಯದಲ್ಲಿ ಒಂದೇ ಅಂಗಡಿಯ ಚಹಾ ಕುಡಿದಾರೆಂಬ ರಹಸ್ಯಭೇದನಕ್ಕಾಗಿ.

ನಾಲ್ಕನೆಯ ತರಗತಿಗೇ ಶಾಲೆಗೆ ಕೈಮುಗಿದು, 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನನ್ನು ಹೊರತಂದು, ಮುಂದೆ ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ರಚಿಸಿದ ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯರು ನನಗೆ ದೊರೆತ ಪುಸ್ತಕಗಳಲ್ಲೆಲ್ಲ ಏಕಚ್ಛತ್ರಾಧಿಪತಿಗಳೇ. ಅರಿಂಜಯನನ್ನೂ ಗಾಳಿರಾಯನನ್ನೂ ಒಂದೇ ಜೀಪಿನಲ್ಲಿ ಕೂರಿಸಿ, ಮುಂದಿನ ಆಸನ ಯಾರದೆಂಬ ತಕರಾರಿನಿಂದಲೇ ಕಥೆಯನ್ನು ಆರಂಭಿಸಬಾರದಿತ್ತೆ ಎಂಬುದು ನನ್ನ ಬಹುಕಾಲದ ಅಳಲು.

ಹೇಮಂತ್ ಎಂ. ರಾವ್ ಅವರು 2019ರಲ್ಲಿ ತೆರೆಗೆ ತಂದ ‘ಕವಲುದಾರಿ’ಯಿಂದ ಆ ಅಳಲು ಕೊಂಚ ಶಮನವಾಯಿತು. ರಿಷಿಯವರು ಅಭಿನಯಿಸಿದ ಶ್ಯಾಮನು ಅಪರಾಧ ವಿಭಾಗಕ್ಕಾಗಿ ಹಂಬಲಿಸುತ್ತ ರಸ್ತೆಯ ಹೊಗೆ ಕುಡಿಯುವ ಸಂಚಾರಿ ಪೊಲೀಸು. ಅನಂತನಾಗರ ಮುತ್ತಣ್ಣನೋ, ಹೊಗೆಗಿಂತ ಗಾಢವಾದುದನ್ನೇ ಕುಡಿಯುವ ನಿವೃತ್ತ ಅಧಿಕಾರಿ. ಕಾಮಗಾರಿಗೆಂದು ಅಗೆದ ನೆಲದಲ್ಲಿ ದೊರೆತ, ನಾಲ್ಕು ದಶಕಗಳಷ್ಟು ಹಳೆಯ ಅಸ್ಥಿಗಳು ಇವರಿಬ್ಬರನ್ನು ಗಂಟುಹಾಕುತ್ತವೆ. ಒಬ್ಬನಿಗೆ ಆ ಮೊಕದ್ದಮೆಯು ತನ್ನ ವಿಭಾಗದ್ದಲ್ಲ, ಇನ್ನೊಬ್ಬನಿಗೆ ವಿಭಾಗವೇ ಇಲ್ಲ. ಅಧಿಕಾರವಿಲ್ಲದವರು ನಡೆಸುವ ತನಿಖೆಯಷ್ಟು ಶ್ರದ್ಧೆಯ ತನಿಖೆ ಲೋಕದಲ್ಲಿ ಬೇರೊಂದುಂಟೆ? ಒಬ್ಬನ ಊಹೆ ತಪ್ಪೆಂದು ಸಾಧಿಸುವ ಹಠದಲ್ಲಿಯೇ ಇನ್ನೊಬ್ಬನು ಸತ್ಯವನ್ನು ಎಡವುವನು. ಏಕಾಭಿಪ್ರಾಯದ ಇಬ್ಬರು ಪತ್ತೇದಾರರೆಂದರೆ ಕಳ್ಳನಿಗೆ ಕುಲದೇವತೆಯೇ ಒಲಿದಂತೆ.

ನಮ್ಮ ಸೀಮೆಯವರು ಇದನ್ನು ಕಥೆಗಾರರಿಗಿಂತ ಮುಂಚೆಯೇ ಅರಿತಿದ್ದರೆಂದು ನನ್ನ ಗುಮಾನಿ. ನಿಜಾಮರ ಆಳಿಕೆಯಲ್ಲಿ ಊರಿಗೆ ಇಬ್ಬರು ಪಾಟೀಲರು: ಕಂದಾಯಕ್ಕೆ ಮಾಲಿಪಾಟೀಲ, ಕಳವು ಜಗಳಗಳಿಗೆ ಪೊಲೀಸ್ ಪಾಟೀಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದರೂ ಅಡ್ಡಹೆಸರುಗಳು ರದ್ದಾಗಲಿಲ್ಲ. ಆದಕಾರಣ ಸೊಳ್ಳೆಯನ್ನೂ ಬಂಧಿಸಲರಿಯದ ಸಾಧುಸ್ವಭಾವದ ಪೊಲೀಸ್ ಪಾಟೀಲರು ಕಲಬುರಗಿಯಲ್ಲಿ ಇಂದಿಗೂ ಗಣಿತ ಬೋಧಿಸುತ್ತಿರಬಹುದು.

ಇಂದು ಭೌಗೋಳಿಕ ಸೂಚಕದ ಗೌರವಕ್ಕೆ ಪಾತ್ರವಾದ ಕಮಲಾಪುರದ ಕೆಂಪುಬಾಳೆಯ ಗೊನೆಯೊಂದು ನಿಜಾಮರ ಆ ಕಾಲದಲ್ಲಿ ರಾತ್ರೋರಾತ್ರಿ ಮಾಯವಾಯಿತೆಂದೇ ಇಟ್ಟುಕೊಳ್ಳೋಣ. ಪೊಲೀಸ್ ಪಾಟೀಲನು ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹೆಜ್ಜೆಗುರುತನ್ನು ಗೇಣಿನಿಂದ ಅಳೆಯುತ್ತಿರಲು, ಮಾಲಿಪಾಟೀಲನು ವಹಿ ಬಿಚ್ಚಿ ಹೊಲದ ಹಿಡುವಳಿಯನ್ನು ಹುಡುಕತೊಡಗುವನು.

“ಏನ್ರಿ ಗೌಡ್ರ, ಬಾಕಿ ವಸೂಲಿಗಿ ಬಂದೀರೇನು, ಕಳ್ಳನ ಹಿಡಿಲಾಕ ಬಂದೀರೇನು?”

“ಲೆಕ್ಕ ಇಲ್ದ ಕಳುವಿಗಿ ಕಳ್ಳ ಎಲ್ಲಿಂದ ಬರ್ತಾನ್ರಿ ಪಾಟೀಲ್ರ?”

ವಹಿಯನ್ನು ನೋಡಲಾಗಿ, ಆ ಹೊಲದಲ್ಲಿ ಬಾಳೆಯೇ ಇಲ್ಲ; ವರ್ಷಾನುವರ್ಷ ಬರೆಸಿದ್ದು ಒಣಬೇಸಾಯದ ತೊಗರಿ. ಫಿರ್ಯಾದಿಯ ಮುಖವು ತೊಗರಿಯ ಹೊಟ್ಟಿನ ಬಣ್ಣಕ್ಕೆ ತಿರುಗುವುದು; ಕಳವೇ ಆಗಲಿಲ್ಲ, ಗೊನೆಯೇ ಇರಲಿಲ್ಲ, ತನಗೆ ಬಾಳೆಹಣ್ಣು ಮೊದಲಿನಿಂದಲೂ ಒಗ್ಗದೆಂದು ಅವನು ಆಣೆಯಿಡುವನು. ಕೈಗೆ ಬಂದ ಕಳ್ಳನನ್ನು ಕಂದಾಯವು ಕಸಿದುಕೊಂಡಿತೆಂದು ಪೊಲೀಸ್ ಪಾಟೀಲನು ಸಿಡಿಮಿಡಿಗೊಂಡರೆ, ಮಾಲಿಪಾಟೀಲನು ನಿಶ್ಚಿಂತನಾಗಿ ಬಾಳೆಗಿಡಗಳನ್ನು ಎಣಿಸುತ್ತ ತೋಟದ ಒಳಹೊಗುವನು. ಗೊನೆ ಕದ್ದವನೋ, ಗೊನೆಯೇ ಇರಲಿಲ್ಲವಾದ ಕಾರಣ, ನ್ಯಾಯಸಮ್ಮತವಾಗಿ ಹಣ್ಣು ತಿನ್ನುತ್ತಿರುವನು.