ಬೀಗರ ಬಾಯಿಗೆ ಬೀಗ

ಬೀಗರಿಬ್ಬರನ್ನು ಒಂದೇ ಕಡೆ ಕೂಡಿಹಾಕಿಯೂ ಮುಕ್ಕಾಲು ಗಂಟೆ ಸುಮ್ಮನಿರಿಸುವ ಉಪಾಯ ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ. ಬಹಳವೆಂದರೆ ಎಲೆಯ ಮೇಲೆ ಇನ್ನೊಂದು ಹೋಳಿಗೆ ಹಾಕಿಸುತ್ತಿದ್ದರು. ಹೋಳಿಗೆ ಕರಗುವಷ್ಟು ಹೊತ್ತು ಮಾತು ನಿಲ್ಲುತ್ತಿತ್ತು. ಆಮೇಲೆ ಬೆಳ್ಳಿ ಲೋಟದ ತೂಕದಿಂದ ಮತ್ತೆ ಶುರು. ಈಗಿನ ಮಕ್ಕಳು ಜಾಣರು. ರಬ್ಬರಿನ ನಳಿಗೆಯೊಂದನ್ನು ಬಾಯಿಗೆ ಕಚ್ಚಿಸಿ, ಮುಖ ಕೆಳಗೆ ಮಾಡಿಸಿ, ಸಮುದ್ರದಲ್ಲಿ ತೇಲಿಬಿಡುತ್ತಾರೆ. ಅದಕ್ಕೆ ಸ್ನಾರ್ಕೆಲಿಂಗ್ ಅಂತ ಹೆಸರು. ತಲೆಗಿಷ್ಟು ಅಂತ ಡಾಲರನ್ನೂ ಎಣಿಸಿ ಕೊಡುತ್ತಾರೆ, ಕೊಟ್ಟದ್ದು ಮೀನು ತೋರಿಸುವುದಕ್ಕೆ ಅಂತ ನಮ್ಮನ್ನು ನಂಬಿಸುತ್ತಾರೆ.

ಟೆಕ್ಸಸ್‌ನಲ್ಲಿ ಮಗನೋ ಮಗಳೋ ಇರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಯಾಗರ ಆಯಿತು, ಪಿಟ್ಸ್‌ಬರ್ಗಿನ ವೆಂಕಟೇಶ್ವರನೂ ಆದ. ಇನ್ನು ಈ ಮುದುಕರಿಗೆ ಏನು ತೋರಿಸುವುದಪ್ಪಾ ಅನ್ನುವಾಗ ಗ್ಯಾಲ್ವೆಸ್ಟನ್ ಬಂದರಿಗೆ ಕರೆದೊಯ್ದು ಕ್ರೂಸ್ ಹಡಗು ಹತ್ತಿಸುತ್ತಾರೆ. ಕೊಲ್ಲಿ ದಾಟಿದರೆ ಮೆಕ್ಸಿಕೋದ ಕೋಸುಮೆಲ್ ದ್ವೀಪ. ಉದ್ದ ಸುಮಾರು 48 ಕಿಲೋಮೀಟರ್, ಅಗಲ 16. ಅದರ ಪಕ್ಕದಲ್ಲೇ ಹವಳದ ದಿಬ್ಬಗಳ ಸಾಲು. ಯುಕಟಾನ್ ತುದಿಯಿಂದ ಹೊಂಡುರಾಸ್‌ವರೆಗೆ ಸಾವಿರ ಕಿಲೋಮೀಟರ್ ಹಬ್ಬಿರುವ ಹವಳದ ಗೋಡೆಯ ಒಂದು ತುಂಡು ಅದು. ಆಸ್ಟ್ರೇಲಿಯದ್ದು ಬಿಟ್ಟರೆ ಇದೇ ದೊಡ್ಡದು. ದ್ವೀಪದ ದಕ್ಷಿಣ ಬದಿಯ ಸಮುದ್ರವನ್ನು 1996ರಲ್ಲಿ ರಾಷ್ಟ್ರೀಯ ಉದ್ಯಾನವನ ಮಾಡಿದರಂತೆ. ಹಡಗು ಬೆಳಿಗ್ಗೆ ಇಳಿಸುತ್ತದೆ, ಸಂಜೆ ಹತ್ತಿಸಿಕೊಳ್ಳುತ್ತದೆ. ನಡುವೆ ಸಣ್ಣ ದೋಣಿಯಲ್ಲಿ ಎರಡು ಕಡೆ ಹವಳ, ಆಮೇಲೆ ಬೀಚ್ ಕ್ಲಬ್ಬಿನಲ್ಲಿ ಕಾಲು ಚಾಚಿ ಊಟ. ಕಾರ್ಯಕ್ರಮ ಇಷ್ಟೇ.

ನಮ್ಮ ತಂಡದ ಪರಿಚಯ ಮಾಡಿಕೊಡದಿದ್ದರೆ ತಮಾಷೆ ತಿಳಿಯುವುದಿಲ್ಲ. ನಮ್ಮ ಮನೆಯವರು ನೀರಾವರಿ ಇಂಜಿನಿಯರಾಗಿ ನಿವೃತ್ತರಾದವರು. ಜೀವಮಾನವೆಲ್ಲ ಅಣೆಕಟ್ಟೆ, ನಾಲೆ, ಕ್ಯೂಸೆಕ್ಸು. ಆದರೆ ಸ್ವಂತ ಮೊಣಕಾಲಿಗಿಂತ ಮೇಲೆ ನೀರು ಮುಟ್ಟಿಸಿಕೊಂಡವರಲ್ಲ. ಸೊಸೆಯ ತಂದೆ ಧಾರವಾಡದ ಕಡೆಯ ಹೆಡ್ಮಾಸ್ತರು, ಭರ್ಜರಿ ಮೀಸೆ. ಇವರು ಕಾವೇರಿ ಅಂದರೆ ಅವರು ಮಹದಾಯಿ ಅನ್ನುತ್ತಾರೆ. "ಎಲ್ಲಾ ನೀರು ನಿಮ್ಮ ಕಡೀಗೇ ಹರಿಸಿಕೊಂಡ್ರಿ, ನಮಗೇನು ಉಳಸೀರಿ?" ಅಂತ ಅವರು ಗ್ಯಾಲ್ವೆಸ್ಟನ್‌ನಲ್ಲಿ ಶುರು ಮಾಡಿದ್ದು ಕೋಸುಮೆಲ್ ಕಣ್ಣಿಗೆ ಬಿದ್ದರೂ ಮುಗಿದಿರಲಿಲ್ಲ. ಸುತ್ತ ನಾಲ್ಕು ದಿಕ್ಕಿಗೂ ನೀರಿದೆ, ಒಂದು ಟಿಎಂಸಿಯೂ ಯಾರಿಗೂ ಸೇರಿದ್ದಲ್ಲ. ಆದರೂ ಡೆಕ್ಕಿನ ಮೇಲೆ ನ್ಯಾಯಮಂಡಳಿ ಕೂತೇ ಇತ್ತು.

ದೋಣಿಯಲ್ಲಿ ಗೈಡ್ ಹುಡುಗ ಸಾಮಾನು ಹಂಚಿದ. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ, ಬಾತುಕೋಳಿ ಕಾಲು, ಲೈಫ್ ಜಾಕೆಟ್, ಕೊನೆಗೆ ಆ ನಳಿಗೆ. ಇಲ್ಲಿ ಬಂತು ನೋಡಿ ಧರ್ಮಸಂಕಟ. ಬೀಗಿತ್ತಿ ನಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು, "ಅಲ್ರೀ ಬೀಗಿತ್ತೇರ, ನಿನ್ನೆ ಇದು ಯಾರ ಬಾಯಾಗಿತ್ತೋ ಏನೋ" ಅಂದರು. ಔಷಧಿ ನೀರಲ್ಲಿ ಅದ್ದಿ ತೆಗೆದಿದ್ದಾರೆ ಅಂತ ಸೊಸೆ ಎಷ್ಟು ಹೇಳಿದರೂ, ಎಂಜಲು ಔಷಧಿಗೆ ಹೋಗುವಂಥದ್ದೇ? ಲೋಟವನ್ನು ತುಟಿಗೆ ತಾಕಿಸದೆ ಎತ್ತಿ ಕುಡಿದು ಅರವತ್ತು ದಾಟಿದ ಜೀವಗಳು ನಾವು. ಅಷ್ಟರಲ್ಲಿ ಗೈಡ್ ಎರಡನೇ ಬಾಂಬು ಹಾಕಿದ. ಗಾಜು ಮಂಜಾಗದಿರಬೇಕಾದರೆ ಅದರೊಳಕ್ಕೆ ಉಗುಳಿ, ಬೆರಳಲ್ಲಿ ಸವರಿ, ಸಮುದ್ರದ ನೀರಲ್ಲಿ ಒಮ್ಮೆ ಅಲುಬಿ ಹಾಕಿಕೊಳ್ಳಬೇಕಂತೆ. ಅವನೇ ಥೂ ಅಂತ ಮಾಡಿಯೂ ತೋರಿಸಿದ. ಬೀಗಿತ್ತಿ ಆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು. ನಮ್ಮವರು ಮಾತ್ರ ಎಂಜಲಿಂದ ಗಾಜಿನ ಮೇಲೆ ನೀರಿನ ಹನಿ ಕಟ್ಟದೆ ತೆಳುವಾಗಿ ಹರಡಿಕೊಳ್ಳುತ್ತದೆ ಅಂತ ವಿಜ್ಞಾನ ಹೇಳಿದರು. ಹೇಳಿದವರು ತಮ್ಮ ಮುಖವಾಡವನ್ನು ಮಗನ ಕೈಗೆ ಕೊಟ್ಟು, "ನೀನೇ ಹಾಕಿಕೊಡಪ್ಪಾ" ಅಂದರು. ಮಗನ ಎಂಜಲಾದರೆ ಪರವಾಗಿಲ್ಲವಂತೆ.

ಇಷ್ಟಕ್ಕೂ ಸಮುದ್ರಸ್ನಾನಕ್ಕೆ ಮುಹೂರ್ತ ಬೇಡವೇ? ಪರ್ವಕಾಲ ಬಿಟ್ಟು ಉಳಿದ ದಿನ ಕಡಲನ್ನು ಮುಟ್ಟಬಾರದು ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದರು. "ಹುಣ್ಣಿವಿನೂ ಅಲ್ಲ, ಅಮಾಸಿನೂ ಅಲ್ಲ" ಅಂತ ಬೀಗಿತ್ತಿ ಮೊಬೈಲಿನ ಪಂಚಾಂಗ ತೆಗೆದರು. ಅದು ಬೆಂಗಳೂರಿನ ಸೂರ್ಯೋದಯ ತೋರಿಸುತ್ತಿತ್ತು. ಸಮುದ್ರೋಲ್ಲಂಘನವನ್ನೇ ವಿಮಾನದಲ್ಲಿ ಮಾಡಿ ಬಂದವರಿಗೆ ಸ್ನಾನದ ದೋಷ ಯಾವ ಲೆಕ್ಕ ಅಂತ ನಾನು ಸಮಾಧಾನ ಹೇಳಿದೆ.

ಬೀಗರ ಕಷ್ಟ ಬೇರೆ. ಮುಖವಾಡದ ರಬ್ಬರು ಚರ್ಮಕ್ಕೆ ಅಂಟಿಕೊಂಡರೆ ತಾನೇ ನೀರು ತಡೆಯುವುದು? ನಡುವೆ ಮೀಸೆ ಬಂದರೆ ಕೂದಲ ಸಂದಿಯಿಂದ ನೀರು ಒಸರಿ ಮೂಗಿನವರೆಗೆ ತುಂಬುತ್ತದೆ. ಗೈಡ್ ನಗುತ್ತಾ ರೇಜರಿನ ಸನ್ನೆ ಮಾಡಿದ. "ಮೀಸಿ ತಗಿಯೂದು ಆಗೂ ಮಾತಲ್ಲ" ಅಂತ ಹೆಡ್ಮಾಸ್ತರು ಶುದ್ಧ ಧಾರವಾಡದಲ್ಲಿ ಘೋಷಿಸಿದರು. ಸ್ಪ್ಯಾನಿಷ್ ಮಾತಾಡುವ ಹುಡುಗನಿಗೆ ಅದು ಚೆನ್ನಾಗಿಯೇ ಅರ್ಥವಾಯಿತು. ಮೀಸೆಗೆ ವ್ಯಾಸಲೀನ್ ಮೆತ್ತಿ ರಾಜಿಯಾಯಿತು. ಅದಕ್ಕೆ ನಮ್ಮವರು, "ಸೋರಿಕೆ ತಡೆಗೆ ಗ್ರೌಟಿಂಗ್ ಮಾಡಿದ ಹಾಗೆ" ಅಂತ ಇಲಾಖೆಯ ಷರಾ ಬರೆದರು.

ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯುವಂತಿಲ್ಲ, ಅದರ ರಸಾಯನ ಹವಳಕ್ಕೆ ವಿಷ. ತುಂಬುತೋಳಿನ ಅಂಗಿಯಲ್ಲೇ ಇಳಿದೆವು. ಈಜು ಬರಬೇಕಿಲ್ಲ, ಕೈಕಾಲು ಆಡಿಸುವುದು ಕೂಡ ನಿಮ್ಮಿಷ್ಟ. ದ್ವೀಪದ ಪಶ್ಚಿಮ ದಂಡೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಒಂದು ಸೆಳೆತ ಹರಿಯುತ್ತಲೇ ಇರುತ್ತದೆ. ಅದೇ ನಿಮ್ಮನ್ನು ಹವಳದ ಮೇಲೆ ಸಾಗಿಸುತ್ತದೆ, ದೋಣಿ ಹಿಂದಿನಿಂದ ಬಂದು ಎತ್ತಿಕೊಳ್ಳುತ್ತದೆ. ಕೂತಲ್ಲೇ ಕೆಲಸವಾಗಬೇಕು ಅನ್ನುವ ನಮ್ಮಂಥವರಿಗೆ ಇಷ್ಟು ಹೊಂದುವ ಕ್ರೀಡೆ ಇನ್ನೊಂದಿಲ್ಲ.

ಮತ್ತು, ಆಹಾ, ಆ ಮೌನ! ಮದುವೆಯಾದಂದಿನಿಂದ ನಮ್ಮವರು ಎಚ್ಚರವಾಗಿದ್ದುಕೊಂಡು ಅಷ್ಟು ಹೊತ್ತು ಮಾತಾಡದೇ ಇದ್ದದ್ದನ್ನು ನಾನು ಕಂಡದ್ದಿಲ್ಲ. ಪಕ್ಕದಲ್ಲೇ ಬೀಗರು ತೇಲುತ್ತಿದ್ದಾರೆ, ವ್ಯಾಸಲೀನ್ ಮೀಸೆ ಗಾಜಿನೊಳಗೆ ಮಿರಮಿರ ಅನ್ನುತ್ತಿದೆ, ಕಾವೇರಿ ಇಲ್ಲ, ಮಹದಾಯಿ ಇಲ್ಲ. ಹಾಗಂತ ನೀರೊಳಗೆ ಸದ್ದೇ ಇಲ್ಲ ಅಂದುಕೊಳ್ಳಬೇಡಿ. ಒಂದೇ ಸಮನೆ ಚಿಟಿಚಿಟಿ ಅನ್ನುತ್ತಿರುತ್ತದೆ. ಅದು ಬಿರುಕುಗಳಲ್ಲಿ ಅಡಗಿರುವ ಪುಟ್ಟ ಸೀಗಡಿಗಳು ಕೊಂಡಿ ಚಿಟುಕುವ ಸದ್ದು. ನೀಲಿ ಹಸಿರಿನ ಗಿಳಿಮೀನುಗಳು ಬಂಡೆಗೆ ಬಾಯಿ ಹಾಕಿ ಕರಕರ ಕಡಿಯುವುದೂ ಕೇಳುತ್ತದೆ. ಅವು ಪಾಚಿಯ ಆಸೆಗೆ ಹವಳದ ಕಲ್ಲನ್ನೂ ನುಂಗಿ, ನುಣ್ಣಗೆ ಅರೆದು, ಹಿಂದಿನಿಂದ ಬಿಳಿ ಮರಳಾಗಿ ಬಿಡುತ್ತವೆ. ದೊಡ್ಡ ಜಾತಿಯದಾದರೆ ಒಂದೊಂದು ಮೀನು ವರ್ಷಕ್ಕೆ ನೂರಾರು ಕಿಲೋ. ಬೀಚ್ ಕ್ಲಬ್ಬಿನಲ್ಲಿ ಜನ ಬರಿಗಾಲಲ್ಲಿ ನಡೆದು, ಕೆನ್ನೆಗೆ ಒತ್ತಿಕೊಂಡು ಫೋಟೋ ತೆಗೆಸಿಕೊಳ್ಳುವ ಆ ಮರಳಿನಲ್ಲಿ ಇವುಗಳ ಪಾಲೂ ಇದೆ. ಬೀಗಿತ್ತಿಗೆ ಈ ವಿಷಯವನ್ನು ನಾನಿನ್ನೂ ಹೇಳಿಲ್ಲ. ನಳಿಗೆಗೇ ಅಷ್ಟು ಮಾಡಿದವರು.

ನಾವು ಕಾಣದ ಮೀನಿನ ಚಿತ್ರವನ್ನು ಗೈಡ್ ಆಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಳೆಯಲ್ಲಿ ತೋರಿಸಿದ. ಕೋಸುಮೆಲ್‌ನ ಹೆಮ್ಮೆಯ ಕಪ್ಪೆಮೀನು. ತಲೆಯ ಮೇಲೆ ಪಟ್ಟೆ, ಹಳದಿ ಅಂಚಿನ ರೆಕ್ಕೆ, ಅಗಲ ಬಾಯಿ, ಗದ್ದದಲ್ಲಿ ಗಡ್ಡದಂಥ ಎಳೆಗಳು. ಹವಳದ ಕೆಳಗಿನ ಪೊಟರೆಯಿಂದ ತಲೆಯಷ್ಟೇ ಹೊರಗೆ ಹಾಕಿ ಹೋಗುವವರನ್ನೂ ಬರುವವರನ್ನೂ ನೋಡುತ್ತಾ, ಆಗಾಗ ಗೊಟರ್ ಅನ್ನುತ್ತಾ ಇರುತ್ತದಂತೆ. ನಿವೃತ್ತರಾದ ಮೇಲೆ ಜಗಲಿ ಹಿಡಿದು ಕೂತ ಗಂಡಸಿನ ತದ್ರೂಪ. ನಾನೂ ಬೀಗಿತ್ತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೆಸರು ಹೇಳುವ ಅಗತ್ಯ ಬೀಳಲಿಲ್ಲ.

ದೋಣಿ ಹತ್ತಿ ನಳಿಗೆ ತೆಗೆದದ್ದೇ ತಡ, ಕಟ್ಟೆಯೊಡೆಯಿತು. "ಇಷ್ಟುದ್ದ ಇತ್ರೀ, ನನ್ನ ಮಗ್ಗಲದಾಗ ಹಾದು ಹೋತು" ಅಂತ ಬೀಗರು ಎರಡು ಕೈ ಚಾಚಿದರು. ನಮ್ಮವರು ಬಿಡುತ್ತಾರೆಯೇ? ನೀರಿನ ವಕ್ರೀಭವನಾಂಕ 1.33, ಆದ್ದರಿಂದ ಮುಖವಾಡದ ಗಾಜಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲು ಭಾಗ ಹತ್ತಿರವಾಗಿ ಕಾಣುತ್ತದೆ ಅಂತ ಲೆಕ್ಕ ಹಾಕಿ, ಬೀಗರ ಎರಡು ಕೈಗಳನ್ನೂ ಹಿಡಿದು ಇಷ್ಟೇ ಅಂತ ಹತ್ತಿರ ತಂದುಬಿಟ್ಟರು. ಹಿಡಿದ ಮೀನನ್ನು ದೊಡ್ಡದು ಮಾಡಿ ಹೇಳುವವರನ್ನು ನೋಡಿದ್ದೇನೆ. ನೋಡಿದ ಮೀನನ್ನು ಭಾಗಾಕಾರ ಮಾಡಿ ಇಳಿಸುವವರು ನಮ್ಮ ಇಲಾಖೆಯಲ್ಲಿ ಮಾತ್ರ ಸಿಗುತ್ತಾರೆ. "ನಮ್ಮ ಭಾಗದವರು ಮೀನು ನೋಡಿದ್ರೂ ಅದರಾಗ ಕಡಿತ ಮಾಡ್ತೀರಲ್ಲರೀ!" ಅಂತ ಬೀಗರು ಮತ್ತೆ ಮಹದಾಯಿಗೆ ಇಳಿದರು.

ಆಮೇಲೆ ಎಲ್ ಸಿಯೆಲೋ ಅನ್ನುವ ಕಡೆ ನಿಲ್ಲಿಸಿದರು. ಸೊಂಟದೆತ್ತರದ ನೀರು, ಕೆಳಗೆ ಮರಳು, ಅಲ್ಲಲ್ಲಿ ನಕ್ಷತ್ರಮೀನು. ನೋಡಬಹುದು, ನೀರಿಂದ ಎತ್ತಿ ಫೋಟೋ ತೆಗೆದರೆ ಅದರ ಜೀವಕ್ಕೇ ಕುತ್ತು. 2019ರಲ್ಲಿ ಹವಳದ ರೋಗ ಜೋರಾಗಿ, ಇದನ್ನೂ ಪಾಲಂಕಾರ್, ಕೊಲಂಬಿಯಾ ದಿಬ್ಬಗಳನ್ನೂ ಪ್ರವಾಸಿಗರಿಗೆ ಕೆಲಕಾಲ ಮುಚ್ಚಿಯೇ ಬಿಟ್ಟಿದ್ದರಂತೆ. ಮುಚ್ಚಿದ್ದು ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು. ಹೆಣ್ಣು ಕೊಟ್ಟ ಮನೆಗೇ ದಿನಾ ಹೋದರೆ ಮರ್ಯಾದೆ ಉಳಿಯುವುದಿಲ್ಲ, ಇನ್ನು ಹವಳದ ಮನೆಗೆ?

ಗೈಡ್ ಹುಡುಗ ಈ ದ್ವೀಪದ ದೇವಿಯ ಕಥೆ ತೆಗೆದದ್ದು ಇಲ್ಲೇ. ಸ್ಪೇನಿನವರು 1518-19ರಲ್ಲಿ ಹಡಗು ತರುವುದಕ್ಕೆ ಮೊದಲೇ ಇದು ಮಾಯಾ ಜನರ ಯಾತ್ರಾಸ್ಥಳ. ಇಶ್ಚೆಲ್ ಅಂತ ದೇವಿ. ಬಸಿರು ಬಾಣಂತನ ಎಲ್ಲ ಅವಳ ಖಾತೆ. ಹೆಂಗಸರು ಆಚೆ ದಡದಿಂದ ದೋಣಿಯಲ್ಲಿ ಬಂದು ಸಂತಾನಕ್ಕೆ ಬೇಡಿಕೊಂಡು ಹೋಗುತ್ತಿದ್ದರಂತೆ. ಗುಡಿಯ ಕುರುಹು ದ್ವೀಪದ ಒಳಭಾಗದಲ್ಲಿ, ಸಾನ್ ಹೆರ್ವಾಸಿಯೋದಲ್ಲಿ ಇವತ್ತಿಗೂ ಇದೆ. ಅಲ್ಲಿಯವರೆಗೆ ಬೆಳ್ಳಿ ಲೋಟದಿಂದ ಹಿಡಿದು ಸಾರಿನ ಹುಳಿಯವರೆಗೆ ಯಾವುದರಲ್ಲೂ ಒಮ್ಮತವಿಲ್ಲದ ನಾವು ಬೀಗಿತ್ತಿಯರಿಬ್ಬರೂ ಒಂದೇ ಉಸಿರಿಗೆ ಸೊಸೆಯ ಕಡೆ ತಿರುಗಿದೆವು. "ಬೀಗಿತ್ತೇರ, ಒಂದು ತೆಂಗಿನಕಾಯಿ ಒಡಿಸೂಣೇನ್ರೀ?" ಅಂದರು ಅವರು. "ಇಲ್ಲಿ ತೆಂಗಿಗೇನು ಬರವೇ?" ಅಂದೆ ನಾನು. ಸೊಸೆ ಅವಸರದಲ್ಲಿ ಮುಖವಾಡ ಏರಿಸಿ, ನಳಿಗೆ ಕಚ್ಚಿಕೊಂಡು, ಸೊಂಟದೆತ್ತರದ ನೀರಲ್ಲೇ ಮುಳುಗಿದಳು. ನಳಿಗೆಯ ಉಪಯೋಗ ಅವಳಿಗೂ ಗೊತ್ತು.

ಬೀಚ್ ಕ್ಲಬ್ಬು ಅಂದರೆ ಏನೋ ಅಂದುಕೊಂಡಿದ್ದೆ. ಕೈಗೊಂದು ಬಣ್ಣದ ಪಟ್ಟಿ ಕಟ್ಟುತ್ತಾರೆ, ಗರಿಯ ಕೊಡೆಯ ಕೆಳಗೆ ಒರಗುಕುರ್ಚಿ ಕೊಡುತ್ತಾರೆ, ತಿನ್ನುವುದನ್ನೂ ಕುಡಿಯುವುದನ್ನೂ ಇದ್ದಲ್ಲಿಗೇ ತರುತ್ತಾರೆ. ಭಾನುವಾರದ ಮಧ್ಯಾಹ್ನ ಮನೆಯಲ್ಲಿ ನಮ್ಮವರು ಪಟ್ಟಿ ಕಟ್ಟಿಸಿಕೊಳ್ಳದೆ ಅನುಭವಿಸುವುದು ಇದನ್ನೇ. ಕುರ್ಚಿಗಳೆಲ್ಲ ಸಮುದ್ರಕ್ಕೆ ಮುಖ ಮಾಡಿವೆ, ಹಾಗಾಗಿ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಬೀಗರ ಪಾಲಿಗೆ ಇದು ದೊಡ್ಡ ಅನುಕೂಲ. ಸಸ್ಯಾಹಾರದ ಗೋಳು ಮಾತ್ರ ಇದ್ದದ್ದೇ. ಬರೀ ಕಾಳಿನ ಪಲ್ಯ ಅಂದುಕೊಂಡದ್ದನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವ ರೂಢಿ ಉಂಟು, ಕೇಳಿಯೇ ತಿನ್ನಬೇಕು. ಬೆಣ್ಣೆಹಣ್ಣನ್ನು ಜಜ್ಜಿ ಈರುಳ್ಳಿ, ನಿಂಬೆರಸ, ಕೊತ್ತಂಬರಿ ಹಾಕಿದ ಗ್ವಾಕಮೋಲೆ, ಜೊತೆಗೆ ಮೆಕ್ಕೆಜೋಳದ ಚಿಪ್ಸು, ಅಷ್ಟಕ್ಕೆ ಮೋಸವಿಲ್ಲ. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಹಳದಿ ಚಟ್ನಿ.

ಆ ಚಟ್ನಿ ಹಬನೇರೋ ಮೆಣಸಿನದು. ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದದ್ದು ಈ ಕಡೆಯ ಖಂಡದಿಂದಲೇ ಅಂತ ಮಗ ಎಚ್ಚರಿಸಿದ. ಬೀಗರು ಒಪ್ಪಲಿಲ್ಲ. "ಬ್ಯಾಡಗಿ ಉಂಡ ಬಾಯಿ ಇದು" ಅಂತ ಚಮಚ ತುಂಬ ತೆಗೆದುಕೊಂಡರು. ಬ್ಯಾಡಗಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಹಬನೇರೋ ಖಾರದ ಮಾಪನದಲ್ಲಿ ಲಕ್ಷದಿಂದ ಮೂರೂವರೆ ಲಕ್ಷದವರೆಗೆ ಏರುವ ಆಸಾಮಿ. ಮೀಸೆಯ ಮೇಲೆ ಬೆವರು ಮೂಡಿತು, ಕಿವಿ ಕೆಂಪಾಯಿತು, ಮಾತು ನಿಂತಿತು. ನಳಿಗೆಯಿಲ್ಲದೆ! ನೀರು ಕುಡಿದರೆ ಖಾರ ಹೋಗುವುದಿಲ್ಲ, ಜಿಡ್ಡು ಬೇಕು. ನಮ್ಮವರು ತಮ್ಮ ಪಾಲಿನ ಗ್ವಾಕಮೋಲೆಯನ್ನು ಒಂದು ಮಾತೂ ಆಡದೆ ಅವರ ಕಡೆ ಸರಿಸಿದರು. ಹಂಚಿಕೆಯಲ್ಲಿ ಉತ್ತರ ಭಾಗಕ್ಕೆ ನ್ಯಾಯ ಸಿಕ್ಕಿದ್ದು ಅದೊಂದು ಸಲ.

ಹೊರಡುವ ಹೊತ್ತಿಗೆ ಗಡಿಯಾರದ ತಗಾದೆ. ಕೋಸುಮೆಲ್ ಇರುವ ಕಿಂಟಾನಾ ರೋ ರಾಜ್ಯ 2015ರಿಂದ ಬೇಸಿಗೆ ಚಳಿಗಾಲವೆನ್ನದೆ ಒಂದೇ ಗಂಟೆ ಇಟ್ಟುಕೊಂಡಿದೆ, ಚಳಿಗಾಲದಲ್ಲಿ ಟೆಕ್ಸಸ್‌ಗಿಂತ ಒಂದು ತಾಸು ಮುಂದೆ. ಹಡಗಿನ ಗಂಟೆ ನೋಡದೆ ದಡದ ಗಂಟೆ ನಂಬಿದರೆ, ದಡದ್ದನ್ನು ಬಿಟ್ಟು ಮೊಬೈಲನ್ನು ನಂಬಿದರೆ ಅಂತ ಇಬ್ಬರು ಗಂಡಸರೂ ವಾದಕ್ಕೆ ನಿಂತರು. ಬೀಗರಿಗೆ ನಾಲಿಗೆ ಮರಳಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬೀಗಿತ್ತಿ ಮಾತ್ರ, ರಾಹುಕಾಲ ಯಾವ ಗಂಟೆಯ ಪ್ರಕಾರ ಅಂತ ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ.

"ಮುಂದಿನ ಸಲ ಬಂದರೆ ಅತ್ತೆ, ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಹೋಗೋಣ. ಮಾಸ್ಕ್ ಬೇಡ, ನಳಿಗೆ ಬೇಡ. ಎಲ್ಲರೂ ಎದುರುಬದುರು ಆರಾಮಾಗಿ ಕೂತು, ಮಾತಾಡಿಕೊಂಡು ಮೀನು ನೋಡಬಹುದು" ಅಂದಳು ಸೊಸೆ.

ಇಬ್ಬರು ಬೀಗರೂ ಒಟ್ಟಿಗೆ, "ಅದಾದರೆ ಚೆನ್ನ", "ಅದ ಛಲೋ" ಅಂದರು.

"ಬೇಡ ಬೇಡ," ಅಂದ ಮಗ, "ಸ್ನಾರ್ಕೆಲಿಂಗೇ ಇರಲಿ."